ಟಗ್ಗಿನ ಮೊಂಡಿ ಹಗ್ಗ ಹಿಡಿಯದ ದಿನ

ಮೊಂಡಿಯ ಮುತ್ತಜ್ಜ ಬೋಳುಬಂಡೆಯ ಮೇಲೆ ದೀಪ ಹಚ್ಚಿದವನು. ಅದಕ್ಕೂ ಮೊದಲು ನಮ್ಮ ಅಳಿವೆಯ ಬಾಯಲ್ಲಿ ಕತ್ತಲೋ ಕತ್ತಲು. ವರ್ಷಕ್ಕೆ ಎರಡು ದೋಣಿಯಾದರೂ ಆ ಬಂಡೆಗೆ ಹಣೆ ಚಚ್ಚಿಕೊಳ್ಳುತ್ತಿದ್ದವು. ಯಾರೂ ಅಪ್ಪಣೆ ಕೊಡಲಿಲ್ಲ, ಅವನೂ ಕೇಳಲಿಲ್ಲ. ಎಣ್ಣೆ ಡಬ್ಬಿಯನ್ನು ತಲೆಗೆ ಕಟ್ಟಿಕೊಂಡು ಈಜಿ ಹೋಗಿ ಹಚ್ಚಿ ಬಂದ, ಸಾಯುವವರೆಗೂ ಹಚ್ಚಿದ.

ಅಜ್ಜ ಆಳ ಅಳೆದವನು. ಉದ್ದನೆಯ ಹಗ್ಗದ ತುದಿಗೆ ಸೀಸದ ಗುಂಡು ಕಟ್ಟಿ, ಗುಂಡಿನ ತಳಕ್ಕೆ ಮೇಣ ಮೆತ್ತಿ, ಹನ್ನೊಂದು ವರ್ಷ ಅಳಿವೆಯ ನೀರಿಗೆ ಇಳಿಬಿಟ್ಟ. ಮೇಲೆಳೆದಾಗ ಮೇಣಕ್ಕೆ ಮರಳು ಅಂಟಿದೆಯೋ, ಕೆಸರೋ, ಚಿಪ್ಪಿನ ಚೂರೋ ನೋಡಿ ಮನಸ್ಸಿನಲ್ಲಿ ಬರೆದಿಟ್ಟುಕೊಂಡ. ಆಗ ನಮ್ಮನ್ನು ಆಳುತ್ತಿದ್ದ ಪರದೇಶದ ದೊರೆಗಳು ಆ ಅಳತೆ ಕೇಳಿದರಂತೆ. "ವಯಸ್ಸಾಯ್ತು ದೊರೆ, ಮರೆತುಹೋಯ್ತು" ಅಂದನಂತೆ. ಮನೆಗೆ ಬಂದು ಮಗನನ್ನು ಎದುರಿಗೆ ಕೂರಿಸಿಕೊಂಡು ಒಂದಕ್ಷರ ಬಿಡದೆ ಬಾಯಿಪಾಠ ಮಾಡಿಸಿದ.

ಆ ಮಗನೇ ಮೊಂಡಿಯ ಅಪ್ಪ. ಬಂದರಿನ ಟಗ್ ಬೋಟಿನ ಚುಕ್ಕಾಣಿ ಅವನ ಕೈಯಲ್ಲಿತ್ತು. ಟಗ್ ಅಂದರೆ ಸಣ್ಣ ದೋಣಿ, ಗೂಳಿಯ ಬಲ. ಮನೆಯಷ್ಟೆತ್ತರದ ಹಡಗುಗಳನ್ನು ಹಗ್ಗ ಕಟ್ಟಿ ಒಳಗೆ ಎಳೆದು ತರುವಂಥದ್ದು. ಅಪ್ಪ ಒಳ್ಳೆಯವನು, ಮರ್ಯಾದಸ್ಥ, ಯಾರಿಗೂ ಎದುರಾಡಿದವನಲ್ಲ. ಆ ಒಳ್ಳೆಯತನವೇ ಊರಿಗೆ ಮುಳುವಾಯಿತು.

ಸಮುದ್ರದಲ್ಲಿ ಒಂದು ಹಳೆಯ ನ್ಯಾಯವಿದೆ. ಕಷ್ಟಕ್ಕೆ ಸಿಕ್ಕಿದ ಹಡಗಿಗೆ ಇನ್ನೊಬ್ಬರು ಹಗ್ಗ ಎಸೆದು ಕಾಪಾಡಿದರೆ, ಕಾಪಾಡಿದವರಿಗೆ ಅದರ ಮೇಲೆ ಹಕ್ಕು ಹುಟ್ಟುತ್ತದೆ. ಬೇಡವಾದರೆ ಬಾಯಿಬಿಟ್ಟು ಬೇಡ ಅನ್ನಬೇಕು. ಸುಮ್ಮನಿದ್ದರೆ ಒಪ್ಪಿದ ಹಾಗೆ. ನಮ್ಮ ಜನಕ್ಕೆ ಇದು ಗಂಟಲಲ್ಲಿ ಇಳಿಯದ ನ್ಯಾಯ. ಬಾಗಿಲಿಗೆ ಬಂದವರ ಮುಖಕ್ಕೆ ಬೇಡ ಅನ್ನುವುದನ್ನು ನಾವು ಕಲಿತೇ ಇಲ್ಲ; ಬೇಡವೆನಿಸಿದರೆ ನಕ್ಕು ನೆಲ ನೋಡುತ್ತೇವೆ, ಬಂದವರು ಅರ್ಥ ಮಾಡಿಕೊಂಡು ಹೋಗುತ್ತಾರೆ. ಪರದೇಶದವರಿಗೆ ನಮ್ಮ ನಗೆ ಹೇಗೆ ಅರ್ಥವಾಗಬೇಕು?

ಮೊಂಡಿಗೆ ಒಂಬತ್ತು ವರ್ಷವಾಗಿದ್ದಾಗ ಗಾಳಿಗೆ ಸಿಕ್ಕಿ ಟಗ್ ದಿಕ್ಕು ತಪ್ಪಿತು. ಆಗ ಲೋಕಕ್ಕೆಲ್ಲ ಒಬ್ಬನೇ ದೊಡ್ಡಣ್ಣನಾಗಿದ್ದ ದೇಶದ ಹಡಗು ಬಂದು ಹಗ್ಗ ಎಸೆಯಿತು. ಅಪ್ಪ ಹಿಡಿಯಲಿಲ್ಲ, ಬೇಡ ಅನ್ನಲೂ ಇಲ್ಲ. ನಕ್ಕು ನೆಲ ನೋಡಿದ. ಅವರೇ ಇಳಿದು ಕಟ್ಟಿಕೊಂಡು ನಾಲ್ಕು ಮಾರು ಎಳೆದರು, ಆರು ತಿಂಗಳಿಗೆ ದಾವೆ ಹೂಡಿದರು. "ಬೇಡ ಅಂತ ಹೇಳಿದೆಯಾ?" ಎಂದು ನ್ಯಾಯಾಧೀಶರು ಕೇಳಿದರು. "ಮನೆಬಾಗಿಲಿಗೆ ಬಂದವರಿಗೆ ಹಾಗನ್ನೋದು ಹೇಗೆ ಸ್ವಾಮಿ?" ಅಂದ. ಅಷ್ಟೇ ಸಾಕಾಯಿತು. ಅವರು ಕೇಳಿದಷ್ಟು ಹಣ ಕೊಡಲಾಗದೆ, ರಾಜಿಯೆಂದು, ಹಡಗು ನಿಲ್ಲುವ ಕಟ್ಟೆಯಾದ ನಮ್ಮ ಪೂರ್ವದ ಜೆಟ್ಟಿ ಇಪ್ಪತ್ತೈದು ವರ್ಷಕ್ಕೆ ಅವರ ಪಾಲಾಯಿತು. ಬೇಲಿ ಬಂತು, ಪಹರೆ ಬಂತು, ನಮ್ಮ ದೋಣಿಗಳು ಸುತ್ತು ಹಾಕಿ ಹೋಗಬೇಕಾಯಿತು. ಅಪ್ಪ ಆಮೇಲೆ ಪೂರ್ವದ ಬೀದಿಗೆ ಕಾಲಿಡಲಿಲ್ಲ. ಸಂತೆಗೆ ಹೋಗಬೇಕಾದರೂ ಮೀನು ಮಾರುಕಟ್ಟೆಯ ಹಿಂದಿನ ಓಣಿಯಿಂದ ಬಳಸಿ ಹೋಗುತ್ತಿದ್ದ.

ಅವಳಿಗೆ ಮೊಂಡಿ ಎಂಬ ಹೆಸರಿಟ್ಟವನೂ ಅವನೇ. ಬೇಲಿ ಹಾಕುವವರು ಬಂದ ದಿನ ಆ ಹುಡುಗಿ ಗುಣಿಯೊಳಗೆ ಇಳಿದು ಕೂತುಬಿಟ್ಟಿದ್ದಳು. ಕಂಬ ನೆಡಲು ಬಂದವರು ಗದರಿಸಿದರು, ತಿಂಡಿ ಕೊಡುತ್ತೇವೆಂದು ಪುಸಲಾಯಿಸಿದರು. ಜಪ್ಪಯ್ಯ ಅಂದರೂ ಏಳಲಿಲ್ಲ. ಕಡೆಗೆ ಅಪ್ಪನೇ ಎತ್ತಿಕೊಂಡು ಬಂದ. "ಮೊಂಡಿ ಕಣೇ ನೀನು" ಅಂದನಂತೆ, ಕಣ್ಣಲ್ಲಿ ನೀರು ತುಂಬಿಕೊಂಡು.

ಹತ್ತೊಂಬತ್ತಕ್ಕೆ ಟಗ್ ಹತ್ತಿದಳು. ಅಪ್ಪನ ಕೈ ನಡುಗತೊಡಗಿತ್ತು, ತಮ್ಮನಿಗಿನ್ನೂ ಮೀಸೆ ಮೂಡಿರಲಿಲ್ಲ. ಬಂದರಿನ ಗಂಡಸರು ಒಂದು ವರ್ಷ ನಕ್ಕರು, ಎರಡನೇ ವರ್ಷ ಸುಮ್ಮನಾದರು, ಮೂರನೇ ವರ್ಷ ತಮ್ಮ ಹಡಗಿಗೆ ಅವಳೇ ಬರಲಿ ಅಂದರು. ಗಂಡ ಶಾಲೆಯ ಮೇಷ್ಟ್ರು. ಆ ಮನೆಯಲ್ಲಿ ಮಾತೆಲ್ಲ ಅವನದು, ತೀರ್ಮಾನವೆಲ್ಲ ಅವಳದು. ಅಡುಗೆಮನೆಯ ಗೋಡೆಯ ಮೊಳೆಗೆ ಅಜ್ಜನ ಗುಂಡುಹಗ್ಗ ನೇತಾಡುತ್ತಿತ್ತು. ಪಾತ್ರೆ ಉಜ್ಜುತ್ತ ಅದನ್ನು ನೋಡಿಕೊಂಡು, ಜಪ ಮಾಡುವವರ ಹಾಗೆ ಅಳಿವೆಯ ಆಳವನ್ನು ಗೊಣಗಿಕೊಳ್ಳುತ್ತಿದ್ದಳು. "ಬಂಡೆಯಿಂದ ತೆಂಕಕ್ಕೆ ನಲವತ್ತು ಮಾರು, ಆಳ ಮೂರು ಮಾರು, ತಳ ಕೆಸರು. ಅರವತ್ತು ಮಾರು, ಆಳ ಎರಡೂವರೆ, ತಳ ಕೆಸರು."

ಇನ್ನು ಆ ದಿನದ ಮಾತಿಗೆ ಬರುತ್ತೇನೆ. ನಾನು ಬಂದರಿನ ಗೋಪುರದಲ್ಲಿ ರೇಡಿಯೋ ನೋಡಿಕೊಂಡು, ಆಡಿದ ಮಾತನ್ನೆಲ್ಲ ಪುಸ್ತಕದಲ್ಲಿ ಬರೆದಿಡುವವನಾಗಿದ್ದೆ. ಆದ್ದರಿಂದ ಇದು ಕೇಳಿದ ಕಥೆಯಲ್ಲ.

ಅಷ್ಟರಲ್ಲಿ ಕಾಲ ಮಗ್ಗುಲು ಬದಲಿಸಿತ್ತು. ನಮ್ಮ ದೇಶ ತನ್ನ ಕಾಲಮೇಲೆ ನಿಂತು ನಾಲ್ಕು ಹೆಜ್ಜೆ ಬಿರುಸಾಗಿಯೇ ಇಟ್ಟಿತ್ತು. ಪೂರ್ವದ ಜೆಟ್ಟಿಯ ಗಡುವು ಮುಗಿದು, ಬೇಲಿ ಕಿತ್ತು ಮೂರು ವರ್ಷವಾಗಿತ್ತು. ಹಳೆಯ ದೊಡ್ಡಣ್ಣನಿಗೆ ಮಂಡಿ ನೋವು ಶುರುವಾಗಿತ್ತು. ಅವನ ಎದುರಿಗೆ ಹೊಸ ದೊಡ್ಡಣ್ಣ ತೋಳು ತಟ್ಟಿ ನಿಂತಿದ್ದ. ಇಬ್ಬರಿಗೂ ಅಳಿವೆಯ ಬಾಯಲ್ಲಿದ್ದ ನಮ್ಮ ಹೊರ ಜೆಟ್ಟಿಯ ಮೇಲೆ ಕಣ್ಣು. ಹಡಗುಗಳೆಲ್ಲ ಹಾದುಹೋಗುವ ದಾರಿಯಲ್ಲಿ ಕಾವಲು ಕೂರಲು ಅದಕ್ಕಿಂತ ಒಳ್ಳೆಯ ಜಗಲಿ ಎಲ್ಲಿದೆ? ರಾಜಧಾನಿಯಲ್ಲಿ ಅದೇ ವಾರ ಮಾತುಕತೆ ನಡೆದಿತ್ತು. ನಮ್ಮವರಿಗೆ ಒಬ್ಬನಿಂದ ಯಂತ್ರ ಬೇಕು, ಇನ್ನೊಬ್ಬನಿಗೆ ಸರಕು ಮಾರಬೇಕು. ನೆಂಟರ ಮೇಲೆ ಪ್ರೀತಿ, ಅಕ್ಕಿ ಮೇಲೆ ಆಸೆ. ಹೂಂ ಅನ್ನಲೂ ಇಲ್ಲ, ಊಹೂಂ ಅನ್ನಲೂ ಇಲ್ಲ. ಸೌಜನ್ಯದ ಭೇಟಿಯೆಂದು ಇಬ್ಬರೂ ಒಂದೊಂದು ಹಡಗು ಕಳಿಸಿದ್ದರು. ಹಳಬರದು ಬೂದು ಬಣ್ಣದ್ದು, ಹೊಸಬರದು ಬಿಳಿಯದು. ಎರಡೂ ಅಳಿವೆಯ ಹೊರಗೆ ಲಂಗರು ಹಾಕಿ, ಹದ್ದು ಕೂತ ಹಾಗೆ ಕೂತಿದ್ದವು.

ಅವತ್ತು ಬೆಳಿಗ್ಗೆ ಬಂದರಿಗೆ ಬರುತ್ತಿದ್ದದ್ದು ನಮ್ಮದೇ ಕಾರ್ಖಾನೆಯಲ್ಲಿ ಕಟ್ಟಿದ ಮೊದಲ ದೊಡ್ಡ ಹಡಗು. ಒಳಗೆ ಇಪ್ಪತ್ತೆರಡು ಜನ. ಅದರ ಎಂಜಿನ್ ಮೇಸ್ತ್ರಿ ಮೊಂಡಿಯ ತಮ್ಮ.

ಏಳೂವರೆಗೆ ರೇಡಿಯೋ ಕೂಗಿತು. "ಅಕ್ಕಾ, ಎಂಜಿನ್ ನಿಂತುಹೋಯ್ತು. ಎಣ್ಣೆಯಲ್ಲಿ ನೀರು ಸೇರಿದೆ. ಇವತ್ತು ಹತ್ತೋ ಹಾಗಿಲ್ಲ."

ಇಳಿತ ಶುರುವಾಗಿ ಒಂದು ಗಂಟೆಯಾಗಿತ್ತು. ನೀರು ಅಳಿವೆಯಿಂದ ಹೊರಕ್ಕೆ ಓಡುತ್ತಿತ್ತು, ಹಡಗನ್ನೂ ಎಳೆದುಕೊಂಡು ನೆಟ್ಟಗೆ ಬೋಳುಬಂಡೆಯ ಕಡೆಗೆ. ಬಂದರಿನ ಇನ್ನೊಂದು ಟಗ್ ರಿಪೇರಿಗೆ ದಡ ಹತ್ತಿ ವಾರವಾಗಿತ್ತು. ಇದ್ದದ್ದು ಮೊಂಡಿಯ ಟಗ್ ಒಂದೇ.

ನನ್ನ ಪಕ್ಕದಲ್ಲಿ ಬಂದರಿನ ಸಾಹೇಬರು ಬಂದು ನಿಂತರು. ಕೆಟ್ಟವರಲ್ಲ, ಬೀಸೋ ದೊಣ್ಣೆ ತಪ್ಪಿಸಿಕೊಂಡರೆ ಸಾವಿರ ವರ್ಷ ಆಯಸ್ಸು ಅನ್ನುವ ಜಾತಿಯವರು. ಒಂದು ಕಿವಿಗೆ ರಾಜಧಾನಿಯ ಫೋನು, ಇನ್ನೊಂದು ಕಿವಿ ನನ್ನ ರೇಡಿಯೋ ಕಡೆಗೆ.

ಮೊದಲು ಮಾತಾಡಿದ್ದು ಬೂದು ಹಡಗಿನ ದುಭಾಷಿ. "ನಾವು ನಿಮ್ಮ ಹಳೆಯ ಗೆಳೆಯರು. ಹಗ್ಗ ಸಿದ್ಧವಾಗಿದೆ." ಅವನು ಮುಗಿಸುವುದರೊಳಗೆ ಬಿಳಿ ಹಡಗಿನವನು ಪಠ್ಯಪುಸ್ತಕ ಓದಿದಂತೆ ಶುರುಮಾಡಿದ. "ಮಾನ್ಯರೇ, ತಮ್ಮ ಸೇವೆಗೆ ನಾವು ಸದಾ ಸನ್ನದ್ಧರು."

"ಉತ್ತರ ಕೊಡಬೇಡ," ಎಂದು ಸಾಹೇಬರು ನನ್ನ ಕೈ ಹಿಡಿದರು. ಆಮೇಲೆ ತಾವೇ ಮೈಕು ತೆಗೆದುಕೊಂಡು ಬರೀ ಟಗ್ಗಿಗೆ ಹೇಳಿದರು. "ನೋಡಮ್ಮಾ, ಇಬ್ಬರಿಗೂ ಏನೂ ಹೇಳಬೇಡ. ಮೇಲಿನವರು ಯೋಚನೆ ಮಾಡ್ತಿದ್ದಾರೆ."

"ಮೇಲಿನವರು ಯೋಚನೆ ಮಾಡಲಿ ಸಾರ್, ನೀರು ಮಾಡಲ್ಲ," ಅಂದಳು ಮೊಂಡಿ.

"ಒಬ್ಬಳೇ ಎಳೀತೀಯಾ?"

"ನೀರಿಗೆ ಎದುರಾಗಿ ಎಳೆಯೋಕೆ ಬಲ ಸಾಲಲ್ಲ. ಪಕ್ಕಕ್ಕೆ ತಳ್ಳೋಕೆ ಸಾಕು."

ಪಕ್ಕಕ್ಕೆ ಎಲ್ಲಿಗೆ ಎಂದು ಸಾಹೇಬರು ಕೇಳುವುದರೊಳಗೆ ಟಗ್ಗಿನ ಮೂತಿ ಹಡಗಿನ ಪಕ್ಕೆಗೆ ಒತ್ತಿಕೊಂಡಿತ್ತು. ಟಗ್ಗಿನ ಎಂಜಿನ್ ನೋಡಿಕೊಳ್ಳುವವನು ಅರವತ್ತರ ಮುದುಕ, ಬೀಡಿ ಬಿಟ್ಟರೂ ಕೆಮ್ಮು ಬಿಡದ ಕಾರಣ ಅವನಿಗೆ ಕೆಮ್ಮಣ್ಣ ಎಂದೇ ಹೆಸರು. ಅವನ ಕೂಗು ರೇಡಿಯೋದಲ್ಲಿ ಕೇಳುತ್ತಿತ್ತು. "ತಾಯೀ, ಇಷ್ಟು ಜೋರು ಮಾಡಿದ್ರೆ ಎಂಜಿನ್ನೂ ಹೋಗುತ್ತೆ, ನಾನೂ ಹೋಗ್ತೀನಿ!"

"ಎಂಜಿನ್ ಮೊದಲು ಹೋಗದ ಹಾಗೆ ನೋಡ್ಕೋ ಕೆಮ್ಮಣ್ಣಾ."

ದೂರದರ್ಶಕದಲ್ಲಿ ನೋಡಿದರೆ ಬಂಡೆಗೂ ಹಡಗಿಗೂ ನಡುವೆ ಮುನ್ನೂರು ಮಾರು. ಇನ್ನೂರು. ನೂರೈವತ್ತು. ಹಡಗು ಒಂದು ಮಾರು ಪಕ್ಕಕ್ಕೆ ಸರಿದರೆ ನಾಲ್ಕು ಮಾರು ಮುಂದಕ್ಕೆ ಜಾರುತ್ತಿತ್ತು. ಮೊಂಡಿ ಪಾತ್ರೆ ಉಜ್ಜುವಾಗಿನ ಅದೇ ಗೊಣಗು ದನಿಯಲ್ಲಿ ಎಣಿಸುತ್ತಿದ್ದಳು. ನಲವತ್ತು ಮಾರು, ಆಳ ಮೂರು. ಅರವತ್ತು, ಎರಡೂವರೆ. ಇದ್ದಕ್ಕಿದ್ದ ಹಾಗೆ ಹಡಗು, ಹಟ ಹಿಡಿದ ಎಮ್ಮೆ ಕೂತಂತೆ, ಕುಂಡೆ ಊರಿ ನಿಂತಿತು. ತೆಂಕಣ ಕೆಸರು ದಿಬ್ಬ! ಅಜ್ಜನ ಮೇಣಕ್ಕೆ ಅಂಟಿದ್ದ ಕೆಸರು!

"ಹಡಗು ನೆಲ ಹತ್ತಿಸಿಬಿಟ್ಟಳಲ್ಲೋ!" ಎಂದು ಸಾಹೇಬರು ತಲೆ ಹಿಡಿದುಕೊಂಡರು.

"ಬಂಡೆ ಮೇಲಲ್ಲ ಸಾರ್, ಹಾಸಿಗೆ ಮೇಲೆ ಕೂರಿಸಿದ್ದೀನಿ. ಸಂಜೆ ಐದಕ್ಕೆ ಉಬ್ಬರದ ನೀರು ಇಷ್ಟೇ ಎತ್ತರಕ್ಕೆ ಬರುತ್ತೆ. ಆಗ ನೀರು ಒಳಗೆ ಹರೀತಿರುತ್ತೆ. ಬೆಳಿಗ್ಗೆ ನಮ್ಮನ್ನ ಹೊರಗೆ ದೂಡಿದ್ದೇ ಸಂಜೆ ಒಳಗೆ ದೂಡುತ್ತೆ. ಕಾಯೋಣ."

ಒಂಬತ್ತು ಗಂಟೆ ಕಾಯಬೇಕು! ಮಾಡುವವರಿಗಿಂತ ಕಾಯುವವರ ಎದೆ ಗಟ್ಟಿಯಿರಬೇಕು ಅನ್ನುವುದು ನನಗೆ ಅವತ್ತೇ ತಿಳಿದದ್ದು.

ಹತ್ತು ಗಂಟೆಗೆ ತಮ್ಮ ಕೂಗಿದ. "ಅಕ್ಕಾ, ಕೂತ ಏಟಿಗೆ ಹಿಂಬದಿ ತಳದ ಉಕ್ಕಿನ ತಟ್ಟೆ ಬಿರುಕು ಬಿಟ್ಟಿದೆ. ಎಂಜಿನ್ ಕೋಣೆಯಲ್ಲಿ ನೀರು. ಪಾದ ಮುಳುಗ್ತಿದೆ."

"ಪಂಪು?"

"ನಡೀತಿದೆ. ಸಾಲದು."

ಮೊಂಡಿ ಮೀನು ದೋಣಿಯವರನ್ನು ಕರೆದಳು. ಮೂರು ದೋಣಿಗಳು ತಮ್ಮ ಕೈಪಂಪುಗಳನ್ನು ಹೇರಿಕೊಂಡು ಕೆಸರಿನಂಚಿಗೆ ಬಂದವು. ಮಧ್ಯಾಹ್ನದ ಹೊತ್ತಿಗೆ ನೀರು ಪೂರಾ ಇಳಿದು, ಹಡಗು ಬೆತ್ತಲಾದ ಹೊಟ್ಟೆ ತೋರಿಸಿಕೊಂಡು ಕೆಸರಲ್ಲಿ ಕೂತಿತ್ತು. ಆಚೆ ಬೂದು, ಈಚೆ ಬಿಳಿ. ಎರಡೂ ಲಂಗರು ಎತ್ತಿ ಅಳಿವೆಯೊಳಗಿನ ಹಡಗುದಾರಿಯ ಅಂಚಿಗೆ ಬಂದು ನಿಂತಿದ್ದವು. ಗಂಟೆಗೊಮ್ಮೆ ದುಭಾಷಿಗಳು ಕೇಳುವರು, ಗಂಟೆಗೊಮ್ಮೆ ನಾವು ಸುಮ್ಮನಿರುವೆವು. ಅವರು ಕೇಳಿದ್ದನ್ನೂ ನಾವು ಸುಮ್ಮನಿದ್ದದ್ದನ್ನೂ ನಾನು ಹೊತ್ತು ಹಾಕಿ ಬರೆಯುತ್ತಿದ್ದೆ. ಅವರ ಹಡಗಿನಲ್ಲೂ ಒಬ್ಬ ಹೀಗೇ ಬರೆಯುತ್ತಿದ್ದಾನು ಅನ್ನಿಸಿತು.

ಎರಡು ಗಂಟೆಗೆ ಸಾಹೇಬರ ಮುಖ ಅರಳಿತು. ರಾಜಧಾನಿಯಿಂದ ಒಂದು ಉಪಾಯ ಬಂದಿತ್ತು.

"ಅಮ್ಮಾ, ಕೇಳು. ಇಬ್ಬರ ಹಗ್ಗವನ್ನೂ ತಗೊಂಡುಬಿಡೋಣ. ಒಂದು ಆ ಕಡೆ, ಒಂದು ಈ ಕಡೆ. ಯಾರಿಗೂ ಬೇಜಾರಿಲ್ಲ. ಸಮ ಸಮ."

"ಸಾರ್, ನೀವು ಮನೇಲಿ ಬಟ್ಟೆ ಹಿಂಡಿದ್ದೀರಾ?"

"ಅದ್ಯಾಕೆ ಈಗ?"

"ಎರಡು ಕಡೆ ಇಬ್ಬರು ಹಿಡಿದು ತಿರುವಿದ್ರೆ ಬಟ್ಟೆ ಏನಾಗುತ್ತೆ ಅಂತ ನಿಮ್ಮ ಮನೆಯವರನ್ನ ಕೇಳಿ. ಇಬ್ಬರೂ ಸಮ ಸಮವಾಗೇ ಹಿಂಡ್ತಾರೆ."

ಕೆಮ್ಮಣ್ಣ ಹಿಂದಿನಿಂದ ನಕ್ಕಿದ್ದು ಕೇಳಿಸಿತು, ಆಮೇಲೆ ಕೆಮ್ಮಿದ್ದು. ಸಾಹೇಬರು ನಗಲಿಲ್ಲ. "ಹಾಗಾದ್ರೆ ಸುಮ್ಮನಾದರೂ ಇರು. ನೀನು ಬೇಡ ಅಂದ್ರೆ ನಾಳೆ ಮಾತುಕತೆಯಲ್ಲಿ ನಮ್ಮವರ ಗತಿ? ಅವರ ಯಂತ್ರ ಬೇಡ್ವಾ ನಮಗೆ? ಇವರು ನಮ್ಮ ಸರಕು ಕೊಳ್ಳೋದು ಬೇಡ್ವಾ? ಆನೆ ಆನೆ ಕಾದಾಡೋ ಕಡೆ ಹುಲ್ಲು ತಲೆ ಎತ್ತಬಾರದು."

"ನಾವು ಹುಲ್ಲಾಗಿದ್ದ ಕಾಲ ಹೋಯ್ತು ಸಾರ್. ನೀವು ಕೂತಿರೋ ಗೋಪುರ ನಾವೇ ಕಟ್ಟಿದ್ದು."

ಅವರ ಮಾತಿನಲ್ಲೂ ಹುರುಳಿತ್ತು, ಇಲ್ಲವೆನ್ನಲಾರೆ. ದೇಶ ನಡೆಸುವುದೆಂದರೆ ಮೊಂಡಾಟವಲ್ಲ. ಹತ್ತು ಮನೆಯ ಬಾಗಿಲು ತಟ್ಟಬೇಕು. ಆದರೆ ಬಾಗಿಲು ತಟ್ಟುವುದು ಬೇರೆ, ಕುತ್ತಿಗೆ ಕೊಡುವುದು ಬೇರೆ.

ನಾಲ್ಕು ಗಂಟೆಗೆ ನೀರು ತಮ್ಮನ ಮೊಣಕಾಲು ದಾಟಿತ್ತು. ನಾಲ್ಕೂಮುಕ್ಕಾಲಿಗೆ ಸೊಂಟ. ಹೊರಗೆ ಸಮುದ್ರ ಏರುತ್ತಿತ್ತು, ಒಳಗೆ ಬಿರುಕಿನ ನೀರು ಏರುತ್ತಿತ್ತು. ಯಾವುದು ಮೊದಲು ಗೆಲ್ಲುತ್ತದೆಂಬುದೇ ಪಂದ್ಯ. ಒಳಗಿನ ನೀರು ಗೆದ್ದರೆ ಹಡಗು ಭಾರವಾಗಿ ಮೇಲೇಳದೆ ಅಲ್ಲೇ ಮಗುಚಬೇಕು, ಪಂಪು ಬಿಟ್ಟು ಇಳಿಯದ ಇಪ್ಪತ್ತೆರಡು ಜನರ ಸಮೇತ.

ಐದಕ್ಕೆ ಮೊಂಡಿ ಹಗ್ಗ ಬಿಗಿಸಿ ಎಳೆದಳು. ಹಡಗು ಮಿಸುಕಲಿಲ್ಲ. ಐದು ನಿಮಿಷ ಬಿಟ್ಟು ಮತ್ತೆ ಎಳೆದಳು. ಊಹೂಂ.

ಆಗ ಬಿಳಿ ಹಡಗಿನಿಂದ ಒಂದು ಮೋಟಾರು ದೋಣಿ ಹೊರಟಿತು. ಮೂತಿಯಲ್ಲಿ ಹಗ್ಗ ಹಾರಿಸುವ ಕೋವಿ ಹಿಡಿದು ಒಬ್ಬ ನಿಂತಿದ್ದ. ಅದನ್ನು ಕಂಡು ಬೂದು ಹಡಗಿನದೂ ಹೊರಟಿತು. "ತಾವು ಮೌನವಾಗಿದ್ದೀರಿ. ತಮ್ಮ ಸಮ್ಮತಿಯೆಂದು ಭಾವಿಸಿ ಹಗ್ಗ ನೀಡುತ್ತಿದ್ದೇವೆ," ಎಂದಿತು ರೇಡಿಯೋದಲ್ಲಿ ಬಿಳಿ ಹಡಗಿನವನ ದನಿ.

"ಅಕ್ಕಾ," ತಮ್ಮ ಕೂಗಿದ, "ಅಪ್ಪನ ಜೆಟ್ಟಿ ಹಾಳಾಗಿ ಹೋಗಲಿ, ಹಗ್ಗ ತಗೋ. ನನಗೆ ಎರಡು ಮಕ್ಕಳಿದ್ದಾರೆ ಕಣೇ."

ಮೊಂಡಿ ಟಗ್ಗಿನ ಎಂಜಿನ್ ಸದ್ದು ತಗ್ಗಿಸಿದಳು.

"ಪುಟ್ಟಾ," ಅಂದಳು. ಚಿಕ್ಕಂದಿನಲ್ಲಿ ಬಿಟ್ಟರೆ ಅವನನ್ನು ಹಾಗೆ ಕರೆದದ್ದು ನಾನು ಕೇಳಿರಲಿಲ್ಲ. "ಕೈಯನ್ನ ತಟ್ಟೆಗೆ ಒತ್ತಿಟ್ಟು ಹೇಳು. ನಡುಗ್ತಿದೆಯಾ?"

"ಏನು?"

"ತಳ. ಕೆಸರು ಬಿಡೋವಾಗ ಹಡಗು ನಡುಗುತ್ತೆ. ನೋಡಿ ಹೇಳು."

ಗರ ಗರ ಸದ್ದು ಬಿಟ್ಟರೆ ರೇಡಿಯೋದಲ್ಲಿ ಬೇರೇನಿಲ್ಲ. ಆಮೇಲೆ, "ನಡುಗ್ತಿದೆ ಅಕ್ಕಾ. ಸಣ್ಣಗೆ. ನಡುಗ್ತಿದೆ!"

"ಎರಡು ನಿಮಿಷ ತಡಕೋ. ಎಲ್ಲರನ್ನೂ ಮೇಲಕ್ಕೆ ಕಳಿಸು. ನೀನೂ ಹತ್ತು."

ದೋಣಿಗಳು ಎರಡು ಕಡೆಯಿಂದಲೂ ಐವತ್ತು ಮಾರಿಗೆ ಬಂದಿದ್ದವು. ಕೋವಿ ಮೇಲೆದ್ದಿತು. "ಸುಮ್ಮನಿರು, ದಮ್ಮಯ್ಯ, ಸುಮ್ಮನಿರು," ಎಂದು ಸಾಹೇಬರು ಮೈಕಿನಲ್ಲಿ ಬೇಡಿಕೊಳ್ಳುತ್ತಿದ್ದರು. ಬಂದರಿನ ಗಡಿಯೊಳಗೆ ಹಡಗಿನ ಪರವಾಗಿ ಮಾತಾಡುವ ಹಕ್ಕು ಟಗ್ಗಿನ ಚುಕ್ಕಾಣಿ ಹಿಡಿದವರದು. ಅದು ಸಾಹೇಬರಿಗೂ ಗೊತ್ತು, ಅವಳಿಗೂ ಗೊತ್ತು. "ಗೋಪುರದ ಮಾವಾ," ಎಂದು ನನ್ನನ್ನು ಕರೆದಳು, "ಪೆನ್ನು ಕೈಯಲ್ಲಿದೆ ತಾನೆ? ಒಂದಕ್ಷರ ಬಿಡದೆ ಬರ್ಕೋ." ಬರೆದುಕೊಂಡೆ.

ಹಡಗು ಕೆಸರು ಬಿಟ್ಟು ಎದ್ದದ್ದು, ಒಳಹರಿವ ನೀರು ಅದನ್ನು ಹೆಗಲ ಮೇಲೆ ಹೊತ್ತು ತಂದದ್ದು, ಕತ್ತಲಾಗುವ ಮೊದಲೇ ಪೂರ್ವದ ಜೆಟ್ಟಿಗೆ ಇಪ್ಪತ್ತೆರಡು ಜನರೂ ನಡೆದು ಇಳಿದದ್ದು, ತಮ್ಮ ಅಕ್ಕನ ಹತ್ತಿರ ಹದಿನೈದು ದಿನ ಮಾತು ಬಿಟ್ಟದ್ದು, ಎಲ್ಲವೂ ಊರಿಗೆ ಗೊತ್ತಿರುವುದೇ. ಊರಿಗೆ ಗೊತ್ತಿಲ್ಲದ್ದು ಇಷ್ಟು. ಒಂದು ತಿಂಗಳಿಗೆ ಎರಡೂ ಕಡೆಯವರು ರಾಜಧಾನಿಗೆ ಬಂದು, ಒಂಬತ್ತು ಗಂಟೆ ಕಾವಲು ನಿಂತೆವು, ಹಗ್ಗ ಕೊಡಹೋದೆವು, ನೀವು ಬೇಡವೆನ್ನಲಿಲ್ಲ, ಹೊರ ಜೆಟ್ಟಿಯಲ್ಲಿ ನಮಗೂ ಹಕ್ಕಿದೆ ಎಂದು ಮಾತು ತೆಗೆದರು. ನಮ್ಮವರು ಗೋಪುರದ ಪುಸ್ತಕ ತರಿಸಿ, ಒಂದು ಪುಟ ಬಿಚ್ಚಿ ಮೇಜಿನ ಮೇಲಿಟ್ಟರು. ಓದಿದ ಮೇಲೆ ಯಾರೂ ಆ ಮಾತೆತ್ತಲಿಲ್ಲ. ಯಂತ್ರವೂ ಬಂತು, ಸರಕೂ ಹೋಯಿತು. ಹೊರ ಜೆಟ್ಟಿ ನಮ್ಮದಾಗಿಯೇ ಇದೆ. ಆ ಪುಟದಲ್ಲಿ ನಾನು ಬರೆದುಕೊಂಡದ್ದು ಮೊಂಡಿಯ ಈ ಮಾತು:

"ಬಿಳಿ ಹಡಗಿನವರೇ, ಬೂದು ಹಡಗಿನವರೇ, ಇಬ್ಬರೂ ಕೇಳಿಸ್ಕೊಳ್ಳಿ. ಬೇಡ. ಹಗ್ಗ ಎಸೀಬೇಡಿ. ಎಸೆದ್ರೆ ಕೊಡಲಿ ಇಲ್ಲೇ ಇದೆ, ಕಡಿದು ನೀರಿಗೆ ಹಾಕ್ತೀನಿ. ನಿಮ್ಮ ಮೇಲೆ ನಮಗೆ ಹಗೆ ಇಲ್ಲ. ನಾಳೆ ಬನ್ನಿ, ಹಡಗು ಕಟ್ಟಿ, ನೀರು ತುಂಬಿಸ್ಕೊಳ್ಳಿ, ನಾಲ್ಕು ದಿನ ಇದ್ದು ಹೊರಡಿ. ನಾನೇ ಬಂದು ಒಳಗೆ ಎಳ್ಕೊಂಡು ಬರ್ತೀನಿ. ಇವತ್ತು ಮಾತ್ರ ದೂರ ಸರೀರಿ, ನಮ್ಮ ನೀರು ಬರ್ತಿದೆ, ದಾರಿ ಬಿಡಿ. ನಮ್ಮಪ್ಪ ಈ ಮಾತು ಹೇಳೋಕೆ ನಾಚಿಕೊಂಡ. ನನಗೆ ನಾಚಿಕೆ ಇಲ್ಲ. ಬೇಡ ಅಂದ್ರೆ ಬೇಡ."